ಕೋಟೆ ಮತ್ತು ಕೋಡಿ

ನಗರವನ್ನು ಕಾಯುವುದು ಯಾವುದು? ಮಾಗಡಿಯ ಕೋಟೆಯ ಬಳಿ ನಿಂತಾಗಲೆಲ್ಲ ನನಗೆ ಈ ಪ್ರಶ್ನೆ ಎದುರಾಗುತ್ತದೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಬೆಂಗಳೂರಿನ ಮಣ್ಣಿನ ಕೋಟೆ 1638ರಲ್ಲಿ ಬಿಜಾಪುರದ ಸೇನೆಗೆ ಸೋತಿತು. ಅವರ ವಂಶಜರು ಮಾಗಡಿಗೆ ಬಂದು ನೆಲೆಸಿದರು. ಆದರೂ ಊರು ಅಳಿಯಲಿಲ್ಲ. ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆಗಳ ಕಸುಬುದಾರರಿದ್ದರು, ಕೆರೆಗಳಿದ್ದವು. ಈ ಸೀಮೆಯಲ್ಲಿ ಒಂದು ಕೆರೆ ಕೋಡಿ ಹರಿದರೆ ನೀರು ಮುಂದಿನ ಕೆರೆಗೆ ಸೇರುತ್ತಿತ್ತು. ನೀರುಗಂಟಿ ತೂಬು ಕಾಯುತ್ತಿದ್ದ, ಊರವರು ಹೂಳೆತ್ತುತ್ತಿದ್ದರು.

ಇಂದು ಧರ್ಮಾಂಬುಧಿ ಕೆರೆಯ ಅಂಗಳ ಬಸ್ ನಿಲ್ದಾಣ. ಸಂಪಂಗಿ ಕೆರೆಯದು ಕ್ರೀಡಾಂಗಣ. 2022ರ ಸೆಪ್ಟೆಂಬರಿನ ಮಳೆಯಲ್ಲಿ ದಾರಿ ಕಾಣದ ನೀರು ಬೆಳ್ಳಂದೂರಿನ ಸುತ್ತ ಮನೆಗಳಿಗೇ ನುಗ್ಗಿತು.

ಕೋಟೆ ಕಟ್ಟಿಸಲು ಅರಸನೊಬ್ಬ ಸಾಕು. ಕೆರೆ ಕಾಯಲು ಊರೇ ಬೇಕು. ನಮ್ಮ ಮಾಗಡಿಯೂ ಬೆಳೆಯುತ್ತಿದೆ. ಇಲ್ಲಿಯ ಕೆರೆಗಳ ಹೂಳೆತ್ತುವವರು ಯಾರು?