ಲೈಸಾಂಡರಿಗೆ ಬಾಂಬ್ ಕಟ್ಟಿದವರು

ಮೊನ್ನೆ ಶುಕ್ರವಾರ ಸಂಜೆ ನಮ್ಮ ಆಫೀಸ್ ಕ್ಯಾಬು ಬೆಳ್ಳಂದೂರಿನ ಹತ್ತಿರ ಮುಕ್ಕಾಲು ಗಂಟೆ ನಿಂತಲ್ಲೇ ನಿಂತಿತ್ತು. ಸುಮ್ಮನಿರಲಾರದೆ ಪಕ್ಕದಲ್ಲಿದ್ದ ಗೆಳೆಯನಿಗೆ "ಈ ಕೆರೆ ಮೇಲೆ ಒಂದು ಕಾಲದಲ್ಲಿ ವಿಮಾನ ಇಳೀತಿತ್ತು, ಗೊತ್ತೇನೋ?" ಅಂದೆ. ರೀಲು ಬಿಡ್ತಿದ್ದೀನಿ ಅಂದುಕೊಂಡ. ರೀಲಲ್ಲ ಸ್ವಾಮಿ! ಎರಡನೇ ಮಹಾಯುದ್ಧದ ಕಾಲದಲ್ಲಿ ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ರಿಪೇರಿಗೆಂದು ಇಲ್ಲಿಗೆ ಬರುತ್ತಿದ್ದವು. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರಿನಲ್ಲಿ ಶುರು ಮಾಡಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್, 1943ರ ಹೊತ್ತಿಗೆ ಅಮೆರಿಕನ್ನರ ವಿಮಾನಗಳ ರಿಪೇರಿ ಕೇಂದ್ರವಾಗಿತ್ತು. ಅದೇ ಇವತ್ತಿನ ಎಚ್.ಎ.ಎಲ್.

"ಸರಿ, ಆಗ ನಮ್ಮ ಏರ್‌ಫೋರ್ಸ್ ಏನ್ ಮಾಡ್ತಿತ್ತು?" ಅಂದ. ಟ್ರಾಫಿಕ್ ಬಿಟ್ಟಿತು, ಉತ್ತರ ಅರ್ಧಕ್ಕೇ ನಿಂತಿತು. ಉಳಿದದ್ದು ಇಲ್ಲಿದೆ.

ನಮ್ಮ ವಾಯುಪಡೆ ಕಾಗದದ ಮೇಲೆ ಹುಟ್ಟಿದ್ದು 1932ರ ಅಕ್ಟೋಬರ್ 8ರಂದು. ಮೊದಲ ಸ್ಕ್ವಾಡ್ರನ್ ಶುರುವಾಗಿದ್ದು 1933ರ ಏಪ್ರಿಲ್ 1ರಂದು, ಕರಾಚಿಯಲ್ಲಿ. ಇದ್ದದ್ದು ನಾಲ್ಕು ವಾಪಿಟಿ ವಿಮಾನ, ಬೆರಳೆಣಿಕೆಯ ಅಧಿಕಾರಿಗಳು, ಮತ್ತೆ 'ಹವಾಯಿ ಸಿಪಾಯಿ' ಅನ್ನಿಸಿಕೊಂಡ ತಂತ್ರಜ್ಞರು. ಆ ಸಿಪಾಯಿಗಳಲ್ಲೊಬ್ಬರು ಹರ್ಜಿಂದರ್ ಸಿಂಗ್. ಲಾಹೋರಿನಲ್ಲಿ ಎಂಜಿನಿಯರಿಂಗ್ ಓದಿದವರು! ಡಿಗ್ರಿ ಹಿಡಿದುಕೊಂಡು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿಗೆ ಸೇರಿದರು. ನಾವು ಡೆಸಿಗ್ನೇಶನ್ ವಿಷಯಕ್ಕೆ ಎಷ್ಟು ಗೊಣಗುತ್ತೇವೆ ಅಂತ ನೆನಪಾಗಿ ನಾಚಿಕೆಯಾಯ್ತು :-)

1939ರಲ್ಲಿ ಯುದ್ಧ ಶುರುವಾದಾಗಲೂ ಇದ್ದದ್ದು ಅದೊಂದೇ ಸ್ಕ್ವಾಡ್ರನ್. 1942ರ ಫೆಬ್ರವರಿಯ ಆರಂಭದಲ್ಲಿ ಅದು ಸ್ಕ್ವಾಡ್ರನ್ ಲೀಡರ್ ಕೆ.ಕೆ. ಮಜುಂದಾರ್ ನೇತೃತ್ವದಲ್ಲಿ ಬರ್ಮಾದ ಟೌಂಗೂಗೆ ಬಂತು. ಬಂದ ಬೆನ್ನಲ್ಲೇ ಜಪಾನೀಯರು ಆ ವಿಮಾನ ನಿಲ್ದಾಣದ ಮೇಲೆ ಬಾಂಬ್ ಹಾಕಿದರು. ನಮ್ಮವರ ಕೈಯಲ್ಲಿದ್ದದ್ದು ಲೈಸಾಂಡರ್. ಅದು ಬಾಂಬರ್ರೂ ಅಲ್ಲ, ಫೈಟರ್ರೂ ಅಲ್ಲ. ನಿಧಾನಕ್ಕೆ ಹಾರುತ್ತಾ ಶತ್ರು ಎಲ್ಲಿದ್ದಾನೆಂದು ನೋಡಿ ಭೂಸೇನೆಗೆ ತಿಳಿಸಲು ಮಾಡಿದ್ದು. ಅಂಥದ್ದಕ್ಕೇ 250 ಪೌಂಡಿನ ಎರಡು ಬಾಂಬ್ ಕಟ್ಟಿಕೊಂಡು ಮಜುಂದಾರ್ ಥಾಯ್ಲೆಂಡ್ ಗಡಿಯಾಚೆ ಜಪಾನೀಯರು ಬಳಸುತ್ತಿದ್ದ ವಿಮಾನ ನಿಲ್ದಾಣಕ್ಕೇ ಹೋಗಿ ಹಾಕಿ ಬಂದರು. ಆಮೇಲೆ ಇಡೀ ಸ್ಕ್ವಾಡ್ರನ್ ಅದೇ ಕೆಲಸಕ್ಕಿಳಿಯಿತು. ಅವನ್ನು ಹಾರುವ ಸ್ಥಿತಿಯಲ್ಲಿ ಇಟ್ಟದ್ದು ಹರ್ಜಿಂದರ್ ಮತ್ತವರ ಹುಡುಗರು. ಪೈಲಟ್ಟಿನ ಹೆಸರು ಪತ್ರಿಕೆಯಲ್ಲಿ ಬರುತ್ತೆ, ನಟ್ಟು ಬಿಗಿದವನದ್ದು ಬರಲ್ಲ. ಈ ನೋವು ನಮ್ಮ ಕಸುಬಿನವರಿಗೆ ಚೆನ್ನಾಗಿ ಗೊತ್ತು.

1944ರಲ್ಲಿ ಇಂಫಾಲದಲ್ಲಿ ಇದೇ ಸ್ಕ್ವಾಡ್ರನ್ನಿಗೆ ಅರ್ಜನ್ ಸಿಂಗ್ ನಾಯಕ. ವಿಮಾನ ಹರಿಕೇನ್. ಯುದ್ಧ ಮುಗಿಯುವಾಗ ಒಂದು ಸ್ಕ್ವಾಡ್ರನ್ ಒಂಬತ್ತಾಗಿತ್ತು. 1945ರ ಫೆಬ್ರವರಿಯಲ್ಲಿ ಮಜುಂದಾರ್ ಲಾಹೋರಿನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಸ್ವಾತಂತ್ರ್ಯ ನೋಡಲಿಲ್ಲ.

ನನ್ನನ್ನು ಕಾಡುವ ಪ್ರಶ್ನೆ ಇನ್ನೊಂದಿದೆ. 1942ರ ಆಗಸ್ಟಿನಲ್ಲಿ ದೇಶವೆಲ್ಲ 'ಬ್ರಿಟಿಷರೇ ತೊಲಗಿ' ಅನ್ನುತ್ತಿತ್ತು. ಇಂಫಾಲದಲ್ಲಿ ಜಪಾನೀಯರ ಜೊತೆ ಆಜಾದ್ ಹಿಂದ್ ಫೌಜಿನ ನಮ್ಮವರೇ ಇದ್ದರು. ಹಾಗಾದರೆ ಇವರು ಹಾರಿದ್ದು ಯಾರಿಗಾಗಿ? ಬ್ರಿಟಿಷರ ಚಾಕರಿ ಅಂದುಬಿಡುವುದು ಸುಲಭ. ಆದರೆ 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ವಿಮಾನದಲ್ಲಿ ಇಳಿಸಬೇಕಾಗಿ ಬಂದಾಗ, ಹಾರಿಸಲೂ ರಿಪೇರಿ ಮಾಡಲೂ ಬರುವವರು ನಮ್ಮಲ್ಲಿದ್ದರು. ಆ ವಿದ್ಯೆ ಬಂದದ್ದು ಬರ್ಮಾದಿಂದಲೇ. ಬೇರೆಯವರ ಯುದ್ಧದಲ್ಲಿ ಕಲಿತದ್ದು ನಮಗೆ ಉಳಿಯಿತು. ಹವಾಯಿ ಸಿಪಾಯಿ ಹರ್ಜಿಂದರ್ ಕೊನೆಗೆ ಏರ್ ವೈಸ್ ಮಾರ್ಷಲ್ ಆದರು.

ನಿಮ್ಮ ಮನೆಯಲ್ಲಿ ಆ ಕಾಲದ ಎಚ್.ಎ.ಎಲ್‌ನಲ್ಲೋ ಏರ್‌ಫೋರ್ಸಿನಲ್ಲೋ ದುಡಿದ ಅಜ್ಜಂದಿರ ಕಥೆ ಯಾರಿಗಾದರೂ ನೆನಪಿದ್ದರೆ, ಈ ವಾರವೇ ಕೇಳಿ ಬರೆದಿಡಿ. ತಡವಾದರೆ ಕೇಳೋಕೆ ಯಾರೂ ಇರುವುದಿಲ್ಲ. ಏನಂತೀರಿ?