ಬಣ್ಣ ಹೋದರೂ ಉಳಿಯುವ ವಿಷ: ಕಬಿನಿಯ ಕೆಳಹರಿವು ಮತ್ತು ಏಜೋ ಬಣ್ಣಗಳ ಬ್ಯಾಕ್ಟೀರಿಯಾ ಸಂಸ್ಕರಣೆ

ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಕಬಿನಿ ಅಣೆಕಟ್ಟೆಯಿಂದ ಇಳಿದ ಹೊಳೆ ನಂಜನಗೂಡನ್ನು ದಾಟಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ 351 ಕಲುಷಿತ ನದೀಭಾಗಗಳಲ್ಲಿ ನಂಜನಗೂಡು–ಹೆಜ್ಜಿಗೆ ನಡುವಿನ ಕಬಿನಿಯೂ ಸೇರಿದೆ. ಆ ಪಟ್ಟಿಗೆ ಆಧಾರವಾದದ್ದು ಜೈವಿಕ ಆಮ್ಲಜನಕ ಬೇಡಿಕೆ. ಕೊಳಚೆಯನ್ನು ಪತ್ತೆಹಚ್ಚುವ ಈ ಅಳತೆಗೆ ಬಟ್ಟೆಯ ಬಣ್ಣಗಳು ಸಿಕ್ಕುವುದು ಅಪರೂಪ. ಆಮ್ಲಜನಕ ಬಳಸಿ ಬದುಕುವ ಸಾಮಾನ್ಯ ಬ್ಯಾಕ್ಟೀರಿಯಾಗಳು ಅವನ್ನು ಕೆಲವೇ ದಿನಗಳಲ್ಲಿ ಅರಗಿಸಲಾರವು. ಉಣ್ಣೆ ಮತ್ತು ರೇಷ್ಮೆ ಉದ್ಯಮವಿರುವ ಮೈಸೂರು ಸೀಮೆಯಲ್ಲಿ ಅಳತೆಯ ಈ ಕೊರತೆ ಸಣ್ಣದಲ್ಲ.

ಸಂಶ್ಲೇಷಿತ ಬಣ್ಣಗಳಲ್ಲಿ ಅರ್ಧಕ್ಕೂ ಹೆಚ್ಚು ಏಜೋ ಗುಂಪಿನವು. ಎರಡು ಸಾರಜನಕ ಪರಮಾಣುಗಳ ನಡುವಿನ ಜೋಡಿಬಂಧವೇ ಅವುಗಳ ಬಣ್ಣಕ್ಕೆ ಮೂಲ. ಆಮ್ಲಜನಕವಿಲ್ಲದ ಕೆಸರಿನಲ್ಲಿ ಬೇಸಿಲಸ್, ಸ್ಯೂಡೋಮೋನಾಸ್, ಶೆವನೆಲ್ಲಾ ಮೊದಲಾದ ಕುಲಗಳ ಬ್ಯಾಕ್ಟೀರಿಯಾಗಳು ಸಕ್ಕರೆ, ಪಿಷ್ಟಗಳಿಂದ ಪಡೆದ ಎಲೆಕ್ಟ್ರಾನ್‌ಗಳನ್ನು ಆ ಬಂಧಕ್ಕೆ ಸಾಗಿಸುತ್ತವೆ. ನಾಲ್ಕು ಎಲೆಕ್ಟ್ರಾನ್ ಸೇರಿದರೆ ಬಂಧ ಕಡಿಯುತ್ತದೆ, ನೀರು ತಿಳಿಯಾಗುತ್ತದೆ. ಆಮ್ಲಜನಕ ನುಸುಳಿದರೆ ಎಲೆಕ್ಟ್ರಾನ್‌ಗಳು ಅದರ ಪಾಲಾಗಿ ಕೆಲಸ ಕುಂಠಿತವಾಗುತ್ತದೆ. ಉಣ್ಣೆ-ರೇಷ್ಮೆಗೆ ಹಾಕುವ ಆಮ್ಲೀಯ ಬಣ್ಣಗಳಿಗೆ ಸಲ್ಫೋನೇಟ್ ಗುಂಪುಗಳು ಅಂಟಿಕೊಂಡಿರುವುದರಿಂದ ಅವು ಜೀವಕೋಶದ ಪೊರೆಯನ್ನು ಸುಲಭವಾಗಿ ದಾಟಲಾರವು. ಹಾಗಾಗಿ ಕೋಶದ ಹೊರಗೇ ಎಲೆಕ್ಟ್ರಾನ್ ಮುಟ್ಟಿಸುವ ರೈಬೋಫ್ಲೇವಿನ್, ಕ್ವಿನೋನ್‌ಗಳಂಥ ವಾಹಕಗಳು ಇಲ್ಲಿ ನಿರ್ಣಾಯಕ. ಏಜೋ ಬಂಧವನ್ನು ಕಡಿಯುವ ಏಜೋರಿಡಕ್ಟೇಸ್ ಕಿಣ್ವವೊಂದರ ಬಗೆಗೇ ಬರೆಯುವ ಪ್ರಬಂಧಗಳು ಈ ಅಂಶಕ್ಕೆ ಸಲ್ಲಬೇಕಾದಷ್ಟು ಗಮನ ಕೊಟ್ಟಿಲ್ಲ ಎಂಬುದು ನನ್ನ ಅಭಿಪ್ರಾಯ.

ಫ್ಲಾಸ್ಕಿನಲ್ಲಿ ಒಂದೇ ತಳಿ, ಒಂದೇ ಬಣ್ಣ, ಧಾರಾಳ ಯೀಸ್ಟ್ ಸಾರ ಇಟ್ಟು ಪಡೆದ ಯಶಸ್ಸು ಕಾರ್ಖಾನೆಯ ತೊಟ್ಟಿಗೆ ಹಾಗೆಯೇ ಅನ್ವಯಿಸದು. ಅಲ್ಲಿ ಉಪ್ಪು, ಬಿಸಿ, ಮಾರ್ಜಕ, ದಿನಕ್ಕೊಂದು ಬಗೆಯ ಬಣ್ಣ. ಸಂಸ್ಕರಣಾ ಘಟಕದ ಕೆಸರಿನಲ್ಲೇ ಪಳಗಿದ ಮಿಶ್ರ ಸಮುದಾಯ ಅಲ್ಲಿ ಹೆಚ್ಚು ಬಾಳುತ್ತದೆ.

ಬಂಧ ಕಡಿದಾಗ ಹುಟ್ಟುವ ಆರೊಮ್ಯಾಟಿಕ್ ಅಮೈನ್‌ಗಳು ಬಹುಪಾಲು ಬಣ್ಣರಹಿತ. ಅವುಗಳಲ್ಲಿ ಬೆಂಜಿಡಿನ್‌ನಂಥವು ಮನುಷ್ಯರಲ್ಲಿ ಮೂತ್ರಕೋಶದ ಕ್ಯಾನ್ಸರ್ ತರುತ್ತವೆ. ಅಪಾಯಕಾರಿ ಅಮೈನ್ ಬಿಡುವ ಏಜೋ ಬಣ್ಣಗಳನ್ನು ಭಾರತ 1997ರಲ್ಲಿ ನಿಷೇಧಿಸಿತು. ಉಳಿದ ಬಣ್ಣಗಳಿಂದ ಬರುವ ಅಮೈನ್‌ಗಳನ್ನು ಒಡೆಯಲು ಎರಡನೆಯ ಹಂತ ಬೇಕು: ಗಾಳಿಯೂಡಿಸಿದ ತೊಟ್ಟಿ. ಸಲ್ಫೋನೇಟ್ ಇರುವ ಅಮೈನ್‌ಗಳು ಅಲ್ಲಿಯೂ ಹಟ ಬಿಡುವುದಿಲ್ಲ. ಅವನ್ನು ಅರಗಿಸಬಲ್ಲ ಬ್ಯಾಕ್ಟೀರಿಯಾಗಳು ಬೇರೆಯೇ.

ಜವಳಿ ಉದ್ಯಮದ ತ್ಯಾಜ್ಯನೀರಿಗೆ ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿದ ಮಾನದಂಡದಲ್ಲಿ ಬಣ್ಣಕ್ಕೆ 150 ಪ್ಲಾಟಿನಂ-ಕೋಬಾಲ್ಟ್ ಘಟಕಗಳ ಮಿತಿಯಿದೆ. ಆರೊಮ್ಯಾಟಿಕ್ ಅಮೈನ್‌ಗಳಿಗೆ ಪ್ರತ್ಯೇಕ ಮಿತಿಯಿಲ್ಲ. ಮೊದಲ ಹಂತದಲ್ಲೇ ನಿಂತ ಘಟಕವೂ ಬಣ್ಣದ ಪರೀಕ್ಷೆಯಲ್ಲಿ ತೇರ್ಗಡೆಯಾಗಬಲ್ಲದು. ಬ್ಯಾಕ್ಟೀರಿಯಾ ಸಂಸ್ಕರಣೆಯನ್ನು ಒಪ್ಪುವ ಮುನ್ನ ಅಮೈನ್ ಅಳತೆಯನ್ನೂ ಜಲಜೀವಿಗಳ ಮೇಲಿನ ವಿಷತ್ವ ಪರೀಕ್ಷೆಯನ್ನೂ ಕಡ್ಡಾಯ ಮಾಡಬೇಕು. ಆ ಕೆಲಸವನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಕಬಿನಿ ದಂಡೆಯಿಂದಲೇ ಆರಂಭಿಸಲಿ.