ಚಿಗವ್ವನ ಚಿಮಟಾ

ನಮ್ಮ ಚಿಗವ್ವನ ಹತ್ತಿರ ಒಂದು ಹಿತ್ತಾಳೆಯ ಚಿಮಟಾ ಇತ್ತು. ನಸುಕಿನಲ್ಲಿ ಎಲ್ಲರೂ ಏಳುವ ಮೊದಲೇ ಹಿತ್ತಲ ಬಾಗಿಲಿನ ಬೆಳಕಿಗೆ ಸಣ್ಣ ಕನ್ನಡಿ ಹಿಡಿದು ಗದ್ದದ ಮೇಲಿನ ಕೂದಲು ಕೀಳುತ್ತಿದ್ದಳು. ಒಮ್ಮೆ ನಾನು ನೋಡಿಬಿಟ್ಟೆ. “ಯಾರ ಮುಂದೂ ಅನಬ್ಯಾಡ ಮತ್ತ” ಎಂದು ಕೈಯಲ್ಲಿ ಬೆಲ್ಲದ ಚೂರು ಇಟ್ಟಳು. ಬೆಲ್ಲ ತಿಂದೆ, ಮಾತು ನುಂಗಿಕೊಂಡೆ.

ಆಕೆಯ ಮದುವೆಯಾದದ್ದು 1972ರಲ್ಲಿ, ಬರದ ವರ್ಷ. ಶಹಾಪುರದ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಆಕೆ ಮೂರು ತಿಂಗಳಿಗೊಮ್ಮೆ, ಒಮ್ಮೊಮ್ಮೆ ಐದು ತಿಂಗಳಿಗೊಮ್ಮೆ ಹೊರಗಾಗುತ್ತಿದ್ದಳು. ಪ್ರತಿ ಸಲ ತಡವಾದಾಗಲೂ ಅತ್ತೆ ಆಸೆಯಿಂದ ಉಪಚಾರ ಮಾಡುವುದು, ಮುಟ್ಟು ಬಂದ ದಿನ ಮಾತು ಬಿಡುವುದು. ಅಬ್ಬೆತುಮಕೂರಿಗೆ ಬಂದಾಗ ವಿಶ್ವಾರಾಧ್ಯರ ಗದ್ದುಗೆಗೆ ದೀಡ ನಮಸ್ಕಾರ ಹಾಕಿದ್ದಳು. ಮೊಣಕಾಲು ತರಚಿ ಹೋಗಿದ್ದವು. ನಾಟಿ ಔಷಧವೂ ಆಯಿತು, ಉಪವಾಸವೂ ಆಯಿತು. 1979ರಲ್ಲಿ ಗಂಡ ಇನ್ನೊಬ್ಬಳನ್ನು ತಂದ. 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಅದು ಮದುವೆಯೇ ಅಲ್ಲ. ಆದರೆ ಕಾಯ್ದೆ ಓದಿದವರು ಯಾರೂ ಆ ಹಂದರದ ಕೆಳಗೆ ಕೂತಿರಲಿಲ್ಲ. ಚಿಗವ್ವ ಒಂದು ಟ್ರಂಕು ಹೊತ್ತುಕೊಂಡು ತವರಿಗೆ ಬಂದಳು. ಊರು ಆಕೆಯ ಹೆಸರು ಮರೆತು “ಗೊಡ್ಡಿ” ಎಂದಿತು.

ಇನ್ನೊಂದನ್ನು ಹೇಳಲೇಬೇಕು. 1996ರಲ್ಲಿ ನನ್ನ ಕುಬುಸದ ದಿನ ಹಿರಿಯರು ಚಿಗವ್ವನನ್ನು ಅಡಿಗೆಮನೆಯಲ್ಲೇ ಇರಲು ಹೇಳಿದರು. ನಾನಾಗ ಬಿಎ, ಬಿಎಡ್ ಮುಗಿಸಿ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು. ಹಸಿರು ಸೀರೆಯುಟ್ಟು ಸುಮ್ಮನೆ ಕೂತೆ. ಐದು ಬಗೆಯ ಅನ್ನ ಮಾಡಿ ಕಳಿಸಿದವಳು ಆಕೆಯೇ.

2019ರಲ್ಲಿ ನನ್ನ ಮಗಳಿಗೂ ಮುಟ್ಟು ತಪ್ಪತೊಡಗಿತು. ಮುಖದ ಮೇಲೆ ಮೊಡವೆ, ಕೂದಲು. ಕಲಬುರಗಿಯಲ್ಲಿ ವೈದ್ಯೆಯೊಬ್ಬರು ಪರೀಕ್ಷಿಸಿ ಪಿಸಿಓಎಸ್ ಎಂದರು. “ನಿಮ್ಮ ಮನೆತನದಾಗ ಮೊದಲು ಯಾರಿಗರೆ ಇತ್ತೇನ್ರೀ?” ಎಂದು ಕೇಳಿದಾಗ ಥಟ್ಟನೆ “ಇಲ್ರಿ” ಎಂದೆ. ಮೆಟ್ಟಿಲಿಳಿಯುವಾಗ ಆ ಚಿಮಟಾ ನೆನಪಾಯಿತು. ಚಿಗವ್ವನನ್ನು ಯಾರೂ ಪರೀಕ್ಷಿಸಿರಲಿಲ್ಲ. ಆದರೆ ಗುರುತುಗಳೆಲ್ಲ ಒಂದೇ.

ನಮ್ಮ ಕಡೆ ಇದಕ್ಕೆ “ನೀರಿನ ಗುಳ್ಳಿ” ಎನ್ನುತ್ತಾರೆ. ಕೇಳಿದವರಿಗೆ ಎದೆ ಧಸಕ್ಕೆನ್ನುತ್ತದೆ. ನಿಜವಾಗಿ ಅವು ಬೆಳೆದು ಬಂದ ಗಡ್ಡೆಗಳಲ್ಲ; ಪಕ್ವವಾಗದೆ ನಡುದಾರಿಯಲ್ಲಿ ನಿಂತ ಅಂಡಕೋಶಿಕೆಗಳು. ಹೆಣ್ಣಿನ ಮೈಯಲ್ಲಿ ಸ್ವಲ್ಪವೇ ಇರಬೇಕಾದ ಗಂಡು ಹಾರ್ಮೋನು ಹೆಚ್ಚಾಗಿರುತ್ತದೆ. ಅನೇಕರಲ್ಲಿ ಇನ್ಸುಲಿನ್ ಸರಿಯಾಗಿ ನಾಟುವುದಿಲ್ಲ, ಆಗ ಮೈ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ, ಅದು ಅಂಡಾಶಯವನ್ನು ಕೆಣಕಿ ಮತ್ತೆ ಗಂಡು ಹಾರ್ಮೋನನ್ನು ಏರಿಸುತ್ತದೆ. ಗಾಣದ ಎತ್ತಿನಂತೆ ಸುತ್ತಿದ್ದೇ ಸುತ್ತುವುದು. ಹೆಸರೇ ದಾರಿ ತಪ್ಪಿಸುತ್ತದೆಂದು 2012ರಲ್ಲಿ ಅಮೆರಿಕದ ತಜ್ಞರ ಸಮಿತಿಯೊಂದು ಹೇಳಿತ್ತು.

“ಇದೆಲ್ಲ ಈಗಿನ ಹುಡಿಗ್ಯಾರ ರೋಗ, ಮೊಬೈಲು, ಬೇಕರಿ ತಿಂಡಿ” ಎಂದು ನಮ್ಮ ಸ್ಟಾಫ್ ರೂಮಿನಲ್ಲೂ ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. 1721ರಷ್ಟು ಹಿಂದೆಯೇ ಇಟಲಿಯ ವಲ್ಲಿಸ್ನೇರಿ ಎಂಬ ವೈದ್ಯ ಮಕ್ಕಳಾಗದ ಒಬ್ಬ ರೈತ ಹೆಣ್ಣುಮಗಳ ಬಗ್ಗೆ ಬರೆದ: ಆಕೆಯ ಅಂಡಾಶಯಗಳು ಪಾರಿವಾಳದ ಮೊಟ್ಟೆಯಷ್ಟು ದಪ್ಪ, ಬಿಳಿ, ಹೊಳಪು. 1935ರಲ್ಲಿ ಷಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಏಳು ಹೆಂಗಸರ ವಿವರ ಪ್ರಕಟಿಸಿದರು. ಅಂಡಾಶಯದ ಒಂದು ಹೋಳನ್ನು ಕತ್ತರಿಸಿ ತೆಗೆದ ಮೇಲೆ ಏಳೂ ಜನರಿಗೆ ಮುಟ್ಟು ಮರಳಿತು, ಇಬ್ಬರು ಬಸುರಾದರು. ಬಹಳ ಕಾಲ ಅವರ ಹೆಸರಿನಿಂದಲೇ ಈ ತೊಂದರೆಯನ್ನು ಕರೆದರು. 1967ರಲ್ಲಿ ಅಮೆರಿಕದಲ್ಲಿ ಕ್ಲೋಮಿಫೀನ್ ಗುಳಿಗೆಗೆ ಅನುಮತಿ ಸಿಕ್ಕಿತು; ಕತ್ತಿಯ ಕೆಲಸವನ್ನು ಗುಳಿಗೆ ಮಾಡತೊಡಗಿತು. ಇನ್ಸುಲಿನ್ನಿನ ನಂಟು ಗೊತ್ತಾದದ್ದು 1980ರಲ್ಲಿ. ಮುಟ್ಟಿನ ಏರುಪೇರು, ಗಂಡು ಹಾರ್ಮೋನಿನ ಹೆಚ್ಚಳ, ಸ್ಕ್ಯಾನಿಂಗಿನ ಚಿತ್ರ, ಈ ಮೂರರಲ್ಲಿ ಎರಡಿದ್ದರೆ ಸಾಕೆಂದು ರಾಟರ್‌ಡ್ಯಾಮಿನಲ್ಲಿ 2003ರಲ್ಲಿ ಗೊತ್ತುಮಾಡಿದರು. ಇಂದು ಮಕ್ಕಳನ್ನು ಹಡೆಯುವ ವಯಸ್ಸಿನ ನೂರು ಹೆಂಗಸರಲ್ಲಿ 10ರಿಂದ 13 ಮಂದಿಗೆ ಇದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ನಮ್ಮ ಚಿಗವ್ವ ಬೇಕರಿಯ ಮುಖವನ್ನೇ ಕಂಡವಳಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು, ಬಾವಿಯಿಂದ ನೀರು ಹೊತ್ತು, ಬೀಸುಕಲ್ಲು ತಿರುಗಿಸಿದವಳು. ಕಡ್ಡಿಯಂತಿದ್ದಳು. ತೆಳ್ಳಗಿದ್ದವರಿಗೂ ಇದು ಬರುತ್ತದೆ, ವಂಶದಲ್ಲಿ ಹರಿದು ಬರುತ್ತದೆ. ಆದರೂ ಊಟ, ನಡಿಗೆಯ ಮಾತು ಸುಳ್ಳಲ್ಲ. ಶಹಾಪುರ, ಸುರಪುರದ ಕಡೆ ಕೃಷ್ಣಾ ಕಾಲುವೆ ಬಂದು ಬತ್ತ ಬೆಳೆದ ಮೇಲೆ ಎರಡು ಹೊತ್ತೂ ಅನ್ನವಾದ ಮನೆಗಳು ಎಷ್ಟೋ. ಮೈ ಭಾರವಿದ್ದವರು ಹತ್ತರಲ್ಲಿ ಅರ್ಧ ಪಾಲಿನಷ್ಟು ಇಳಿಸಿದರೂ, ಅಂದರೆ 70 ಕಿಲೋ ಇದ್ದವರು ಮೂರೂವರೆ ಕಿಲೋ ಇಳಿಸಿದರೂ, ಮುಟ್ಟು ಎಷ್ಟೋ ಸಲ ಸರಿದಾರಿಗೆ ಬರುತ್ತದೆ. ವಾರಕ್ಕೆ 150 ನಿಮಿಷ ಚುರುಕು ನಡಿಗೆ ಸಾಕು. ಇಂಥದೇ ಪಥ್ಯವೆಂದು ಯಾವುದೂ ಇಲ್ಲ. ಪುಡಿ ಮಾರುವವರ ಮಾತು ನಂಬಬೇಡಿ. ತಿಂಗಳುಗಟ್ಟಲೆ ಮುಟ್ಟು ನಿಂತರೆ ಗರ್ಭಕೋಶದ ಒಳಪದರ ದಪ್ಪವಾಗಿ ಮುಂದೆ ಕೇಡಾಗಬಹುದು, ಆದ್ದರಿಂದ ವೈದ್ಯರು ಹಾರ್ಮೋನು ಗುಳಿಗೆ ಕೊಟ್ಟರೆ ಹೆದರಬಾರದು. ಸಕ್ಕರೆ ಕಾಯಿಲೆಯ ಪರೀಕ್ಷೆ ಮರೆಯಬಾರದು. ಮಕ್ಕಳು ಬೇಕೆನ್ನುವವರಿಗೆ ಈಗ ಮೊದಲು ಕೊಡುವುದು ಲೆಟ್ರೊಜೋಲ್. ನಮ್ಮ ದೇಶದಲ್ಲಿ 2011ರಲ್ಲಿ ಈ ಬಳಕೆಗೆ ನಿಷೇಧ ಹಾಕಿ 2017ರಲ್ಲಿ ತೆಗೆದರು.

ಶಾಲೆಯಲ್ಲಿ ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗಿಯ ಕೊರಳ ಸುತ್ತ ಕರಿ ಪಟ್ಟಿ ಇತ್ತು. ತಾಯಿ ಕಲ್ಲಿನಿಂದ ತಿಕ್ಕಿ ತಿಕ್ಕಿ ಗಾಯ ಮಾಡಿದ್ದಳು. “ಅದು ಮಣ್ಣಲ್ಲವ್ವ, ಮೈಯೊಳಗಿನ ಇನ್ಸುಲಿನ್ನಿನ ಗುರುತು” ಎಂದು ಇಬ್ಬರನ್ನೂ ಕೂಡಿಸಿ ಹೇಳಿದೆ. ಮೈನೆರೆದ ಮೊದಲ ವರ್ಷ ಮುಟ್ಟು ಹಿಂದುಮುಂದಾಗುವುದು ಸಹಜ, ಹುಡುಗಿಯರಿಗೆ ಬರೀ ಸ್ಕ್ಯಾನಿಂಗ್ ನೋಡಿ ಈ ಹೆಸರು ಹಚ್ಚಬಾರದು, ಎಂದೂ ಹೇಳಿದೆ. ಹಿಂದೆ ಇಂಥ ಹುಡುಗಿಯರಿಗೆ ನಾನೇ “ನೆಟ್ಟಗ ಜಳಕ ಮಾಡಿ ಬಾ” ಎಂದು ಬೈದಿದ್ದುಂಟು.

ಮಗಳು ಈಗ ಚೆನ್ನಾಗಿದ್ದಾಳೆ. ಕಳೆದ ಜಾತ್ರೆಗೆ ಬಂದಾಗ ತನ್ನ ಗುಳಿಗೆಗಳನ್ನು ಜಗಲಿಯ ಮೇಲೆ ಹರವಿ ಚಿಗವ್ವನಿಗೆ ಒಂದೊಂದಾಗಿ ತಿಳಿಸಿ ಹೇಳಿದಳು, ಷಿಕಾಗೋದ ಏಳು ಹೆಂಗಸರ ಕಥೆಯನ್ನೂ ಹೇಳಿದಳು. ಎಪ್ಪತ್ತರ ಹತ್ತಿರದ ಚಿಗವ್ವ ಎಲ್ಲವನ್ನೂ ಕೇಳಿಸಿಕೊಂಡು, ಬೆರಳ ಗೆಣ್ಣಿನ ಮೇಲೆ ಏನೋ ಎಣಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ನನ್ನ ಲಗ್ನ ಆದಾಗ ಆ ಗುಳಿಗಿ ಬಂದಿತ್ತೇನ?”

“ಬಂದಿತ್ತು, ಚಿಗವ್ವ. ಐದು ವರ್ಷ ಆಗಿತ್ತು.”

“ಹೌದಾ” ಎಂದಳು. ಗುಳಿಗೆಗಳನ್ನು ಒಂದೊಂದೇ ಎತ್ತಿ ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡಿ ಮಗಳ ಕೈಗೆ ಕೊಟ್ಟು, ರೊಟ್ಟಿ ಬಡಿಯಲು ಒಳಗೆ ಹೋದಳು.